ಕಂದು ಹಾಕುವ ರೋಗ: ರಕ್ತ ತೆಗೆಯುವಾಗಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ

ಏಳೆಂಟು ತಿಂಗಳ ಗಬ್ಬದ ಆಕಳು ದಿನ ತುಂಬುವ ಮೊದಲೇ ಕಂದು ಹಾಕಿ (ಗರ್ಭಪಾತವಾಗಿ), ಮಾಸೂ ಬೀಳಲಿಲ್ಲ ಎಂದರೆ ಧಾರವಾಡ ಸುತ್ತಿನಲ್ಲಿ ನಾವು ಮೊದಲು ನೋಡುವುದು ಬ್ರುಸೆಲ್ಲಾ (ಕಂದು ಹಾಕಿಸುವ, ಮನುಷ್ಯರಿಗೂ ತಗಲುವ ರೋಗಾಣು) ಇದೆಯೋ ಇಲ್ಲವೋ ಎಂದು. ಲಕ್ಷಣ ಕಂಡು ರೋಗ ಹೇಳಲು ಬರುವುದಿಲ್ಲ, ಪರೀಕ್ಷೆ ಆಗಲೇಬೇಕು.

ಹಿಂಡಿನ ಮೇಲೆ ಕಣ್ಣಿಡಲು ಕ್ಯಾನಿನ ಹಾಲಿನ ರಿಂಗ್ ಟೆಸ್ಟ್ ಒಳ್ಳೆಯದು. 1 ಮಿಲಿ ಹಾಲಿಗೆ 30 ಮೈಕ್ರೋಲೀಟರ್ ಬಣ್ಣದ ಆಂಟಿಜೆನ್ (ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ರೋಗಾಣುವಿನ ದ್ರವ) ಬೆರೆಸಿ 37 ಡಿಗ್ರಿಯಲ್ಲಿ ಒಂದು ತಾಸು ಇಟ್ಟಾಗ, ಕೆನೆ ನೀಲಿ ಉಂಗುರವಾಗಿ ಕೆಳಗಿನ ಹಾಲು ಬೆಳ್ಳಗಾದರೆ ಅನುಮಾನ. ಗಿಣ್ಣದ ಹಾಲೋ ಕೆಚ್ಚಲು ಬಾವಿನ ಹಾಲೋ ಸೇರಿದ್ದರೆ ಸುಳ್ಳು ಉಂಗುರ ಬರುತ್ತದೆ. ಹಾಲು ಬತ್ತಿದವು, ಮಣಕಗಳು ಇದರಲ್ಲಿ ಸಿಗುವುದೇ ಇಲ್ಲ.

ಆಮೇಲೆ ಒಂದೊಂದು ದನದ ರಕ್ತ. ಹೆಚ್ಚು ಕೆಡುವುದು ಇಲ್ಲೇ. ಕುತ್ತಿಗೆಯ ರಕ್ತನಾಳದಿಂದ 5ರಿಂದ 10 ಮಿಲಿ ತೆಗೆದು ಏನೂ ಹಾಕದ ಟ್ಯೂಬಿನಲ್ಲಿ ಹಿಡಿದು, ಕಿವಿಯೋಲೆಯ 12 ಅಂಕಿ ಅಲ್ಲೇ ಬರೆದು, ನೆರಳಲ್ಲಿ ಓರೆಯಾಗಿ ಒರಗಿಸುತ್ತೇವೆ. ಹೆಪ್ಪುಗಟ್ಟುವ ಮೊದಲೇ ಐಸ್ ಡಬ್ಬಿಗೆ ಹಾಕಿದರೆ, ಬೈಕಿನ ಮೇಲೆ ಕುಲುಕಿದರೆ, ಗದಗಿನ ಏಪ್ರಿಲ್ ಬಿಸಿಲಲ್ಲಿ ಬಿಟ್ಟರೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ನೀರು) ಕೆಂಪಾಗುತ್ತದೆ. ಒಣಹುಲ್ಲಿನ ಬಣ್ಣದ ತಿಳಿ ಸೀರಮ್ ಬೇಕು. ಕೆಂಪಾದದ್ದನ್ನು ಚೆಲ್ಲಿ ಮತ್ತೆ ರಕ್ತ ತೆಗೆಯುವುದೇ ಲೇಸು.

ಈ ಸೀರಮನ್ನು ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣದ ಆಂಟಿಜೆನ್ ಜೊತೆ ಬೆರೆಸಿ ನೋಡುತ್ತೇವೆ. ಆ ಆಂಟಿಜೆನ್ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಡಿ. ಕೋಣೆಯ ಬಿಸಿಗೆ ಬಂದ ಮೇಲೆ ಸೀಸೆ ಮೆಲ್ಲಗೆ ಅಲುಗಿಸಿ, ಬಿಳಿ ಟೈಲ್ಸ್ ಮೇಲೆ ಸೀರಮ್ 30, ಆಂಟಿಜೆನ್ 30 ಮೈಕ್ರೋಲೀಟರ್ ಹಾಕಿ ಕಡ್ಡಿಯಿಂದ ಬೆರೆಸಿ, 4 ನಿಮಿಷ ಟೈಲ್ಸ್ ಮೆಲ್ಲಗೆ ತೂಗಾಡಿಸಿ ಓದಬೇಕು. ಗುಲಾಬಿ ಹನಿಯಲ್ಲಿ ಸಣ್ಣ ಕಾಳು ಒಡೆದಂತೆ ಕಂಡರೂ ಪಾಸಿಟಿವ್. ತಡವಾದರೆ ಅಂಚು ಒಣಗಿ ಇಲ್ಲದ ಕಾಳು ಕಾಣುತ್ತದೆ. ಪಾಸಿಟಿವ್, ನೆಗೆಟಿವ್ ಗೊತ್ತಿರುವ ಸೀರಮ್ ಪಕ್ಕದಲ್ಲಿಟ್ಟೇ ಓದುತ್ತೇವೆ.

ಪಾಸಿಟಿವ್ ಬಂದದ್ದನ್ನು ಎಲೈಸಾ (ಲ್ಯಾಬಿನಲ್ಲಿ ಮಾಡುವ ಇನ್ನೊಂದು ಪರೀಕ್ಷೆ) ಮಾಡಿಸದೆ ತೀರ್ಮಾನಿಸುವುದಿಲ್ಲ. ಯೆರ್ಸೀನಿಯಾದಂಥ ಬೇರೆ ರೋಗಾಣುವೂ ಇದೇ ಉತ್ತರ ಕೊಡಬಲ್ಲದು, ಬ್ರುಸೆಲ್ಲಾ ತಡೆಯಲು ಹಾಕುವ ಎಸ್-19 ಲಸಿಕೆಯೂ ಕೊಡುತ್ತದೆ. 4ರಿಂದ 8 ತಿಂಗಳ ಹೆಣ್ಣುಗರುವಿಗೆ ಒಂದೇ ಸಲ ಹಾಕುವ ಲಸಿಕೆ ಇದು. ವಯಸ್ಸು ದಾಟಿದ ಮೇಲೆ ಹಾಕಿದರೆ ಬಹಳ ದಿನ ಪರೀಕ್ಷೆ ಗೊಂದಲ ಮಾಡುತ್ತದೆ, ಅದಕ್ಕೇ ಲಸಿಕೆಯ ತಾರೀಖಿಲ್ಲದ ದನದ ಫಲಿತಾಂಶ ಓದುವುದು ಕಷ್ಟ.

ನೆಗೆಟಿವ್ ಕೂಡ ಮೋಸ ಮಾಡುತ್ತದೆ. ಕಂದು ಹಾಕಿದ ಹೊಸತರಲ್ಲಿ ನೆಗೆಟಿವ್ ಬಂದರೆ ಮೂರು ವಾರ ಬಿಟ್ಟು ಮತ್ತೆ ನೋಡುತ್ತೇವೆ. ಹಾವೇರಿ ಸಂತೆಯಿಂದ ತಂದ ಮಣಕ 30 ದಿನ ಬೇರೆ ಗೋದಲಿಯಲ್ಲಿರಬೇಕು. ತಂದಾಗ ಒಮ್ಮೆ, ಒಳಗೆ ಬಿಡುವ ಮುಂಚೆ ಒಮ್ಮೆ, ಕರು ಹಾಕಿದ ಮೇಲೆ ಇನ್ನೊಮ್ಮೆ ಪರೀಕ್ಷೆ. ಒಳಗೇ ಅಡಗಿದ ಸೋಂಕು ಎಷ್ಟೋ ಸಲ ಕರು ಹಾಕಿದಾಗಲೇ ಹೊರಬೀಳುತ್ತದೆ.

ಖಚಿತವಾದ ಆಕಳನ್ನು ಸಂತೆಗೆ ಹೊಡೆದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತದೆ. ಬೇರೆ ಕಟ್ಟಿ, ಹಾಲು ಕುದಿಸಿಯೇ ಬಳಸಿ. ಕಂದು, ಮಾಸು ನಾಯಿ ಕೆದರದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಕೈಗವಸಿಲ್ಲದೆ ಮಾಸು ತೆಗೆದವರಿಗೆ ಬಿಟ್ಟುಬಿಟ್ಟು ಜ್ವರ, ಕೀಲುನೋವು ಬಂದರೆ ಡಾಕ್ಟರಿಗೆ ದನದ ವಿಷಯವನ್ನೇ ಮೊದಲು ಹೇಳಿ.