ಗೋಡೆಯಲ್ಲೊಂದು ಗೂಡು

ಮನೋರೋಗ ಆಸ್ಪತ್ರೆಯೊಂದರ ಹೆಂಗಸರ ವಾರ್ಡನ್ನು ನವೀಕರಿಸುವ ಕೆಲಸ ಸಿಕ್ಕಾಗ ಮೊದಲು ನನ್ನ ಕೈಗೆ ಬಂದದ್ದು ‘ಬೇಡ’ಗಳ ಪಟ್ಟಿ. ಕೊಕ್ಕೆ ಬೇಡ, ಮೊಳೆ ಬೇಡ, ಗಾಜು ಬೇಡ, ಗೋಡೆಯಿಂದ ಹೊರಚಾಚುವ ಏನೂ ಬೇಡ. ರೋಗಿಗಳು ತಮಗೇ ಅಪಾಯ ಮಾಡಿಕೊಂಡಾರು ಎಂಬ ಕಾರಣ ಗೊತ್ತಿದ್ದುದರಿಂದ ವಾದಿಸಲಿಲ್ಲ. ನುಣ್ಣನೆಯ ಗೋಡೆ, ಸಾಲು ಮಂಚ ಎಂದು ನಕ್ಷೆ ಬರೆದುಬಿಟ್ಟೆ. ರೈಲು ನಿಲ್ದಾಣದ ತಂಗುಕೋಣೆಯಷ್ಟು ಚೊಕ್ಕವಾಗಿತ್ತು.

ಕೆನಡಾದ ವಾಸ್ತುಶಿಲ್ಪಿ ಕಿಯೋಶಿ ಇಜುಮಿ 1950ರ ದಶಕದಲ್ಲಿ, ರೋಗಿಯ ಕಣ್ಣಿಗೆ ಆಸ್ಪತ್ರೆ ಹೇಗೆ ಕಾಣುತ್ತದೆಂದು ತಿಳಿಯಲು ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಎಂಬ ಮಾದಕವಸ್ತು ಸೇವಿಸಿ ವಾರ್ಡುಗಳಲ್ಲಿ ಓಡಾಡಿದ್ದರು. ನನಗೆ ಅಷ್ಟು ಧೈರ್ಯವಿಲ್ಲ. ಹಳೆಯ ವಾರ್ಡಿನ ಖಾಲಿ ಮಂಚದಲ್ಲಿ ಒಂದು ರಾತ್ರಿ ಮಲಗಲು ಅನುಮತಿ ಕೇಳಿದೆ, ಅಷ್ಟೆ.

ಮಲಗುವ ಮುನ್ನ ಕನ್ನಡಕ ತೆಗೆದೆ. ಇಡಲು ಜಾಗವೇ ಇಲ್ಲ! ದಿಂಬಿನಡಿ ತುರುಕಿ, ಹೊರಳಿದರೆ ಮುರಿದೀತೆಂದು ರಾತ್ರಿಯಿಡೀ ಒಂದೇ ಮಗ್ಗುಲಲ್ಲಿದ್ದೆ. ಬೆಳಗ್ಗೆ ಪಕ್ಕದ ಮಂಚದ ಅಜ್ಜಿ ದಿಂಬಿನ ಚೀಲದೊಳಗಿಂದ ಒಂದು ಗಂಟು ತೆಗೆದರು. ಹಲ್ಲು ಮುರಿದ ಬಾಚಣಿಗೆ, ಕುಂಕುಮದ ಡಬ್ಬಿ, ಅಕ್ಷರ ಅಳಿಸಿಹೋದ ಬಸ್ ಟಿಕೆಟ್. ‘ಬಟ್ಟೆ ಒಗೆಯಲು ಒಯ್ಯುವಾಗ ಇದೂ ಹೋಗಿಬಿಡುತ್ತದೆ ತಾಯಿ’ ಎನ್ನುತ್ತಾ ಸೆರಗಿನ ತುದಿಗೆ ಕಟ್ಟಿಕೊಂಡರು.

ನನಗೆ ಅಜ್ಜನ ಮನೆಯ ದೀಪದ ಗೂಡು ನೆನಪಾಯಿತು. ಗೂಡು ಗೋಡೆಯ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಚಾಚುವುದಿಲ್ಲ. ‘ಬೇಡ’ಪಟ್ಟಿಗೆ ಸಿಕ್ಕಿಬೀಳುವ ಪ್ರಶ್ನೆಯೇ ಇಲ್ಲ. ಪ್ರತಿ ಮಂಚದ ತಲೆಯ ಬಳಿ ಒಂದಡಿ ಚೌಕದ, ನಾಲ್ಕೂವರೆ ಇಂಚು ಆಳದ, ಅಂಚು ದುಂಡಾದ ಗೂಡೊಂದನ್ನು ಬರೆದೆ. ಅದಕ್ಕೆ ಒಂಬತ್ತು ಇಂಚಿನ ಗೋಡೆಯೇ ಬೇಕು. ಗುತ್ತಿಗೆದಾರರು ಇಟ್ಟಿಗೆಯ ಲೆಕ್ಕ ಹಾಕಿ ಮುಖ ಗಂಟಿಕ್ಕಿದರು.

ಹಿರಿಯ ವೈದ್ಯರ ಆಕ್ಷೇಪ ಬೇರೆ: ‘ಇಲ್ಲೇ ಬೇರು ಬಿಟ್ಟರೆ ಮನೆಗೆ ಹೋಗುವುದು ಯಾವಾಗ ಮೇಡಂ?’ ಮಾತಿನಲ್ಲಿ ಹುರುಳಿತ್ತು. ವರ್ಷಗಟ್ಟಲೆ ಒಳಗಿದ್ದವರು ತೆರೆದ ಗೇಟು ಕಂಡು ಹಿಂದೆ ಸರಿಯುವುದನ್ನು ನಾನೂ ನೋಡಿದ್ದೆ. ಆದರೆ ಸಮವಸ್ತ್ರ ಬೇಡವೆನ್ನುವ ರೋಗಿಗೆ ಸ್ವಂತ ಬಟ್ಟೆ ತೊಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹಕ್ಕು ಕೊಟ್ಟಿದೆ. ಸೀರೆ ಅವಳದಾದ ಮೇಲೆ ಅದನ್ನು ಇಡುವ ಒಂದಡಿ ಜಾಗ ಮಾತ್ರ ಆಸ್ಪತ್ರೆಯದಾಗಿಯೇ ಇರಬೇಕೇ ಎಂದು ಕೇಳಿದೆ. ಒಪ್ಪಿದರು. ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಂತಾಗಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗೂಡುಗಳ ಒಳಮೈಗೆ ಬೇರೆ ಬೇರೆ ಬಣ್ಣ ಬಳಿಸಿ, ಮೇಲೆ ಸಂಖ್ಯೆ ಬರೆಸಿದ್ದೆ. ಆರು ತಿಂಗಳ ಮೇಲೆ ಹೋದರೆ ಸಂಖ್ಯೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಿಸ್ಟರುಗಳ ಬಾಯಲ್ಲೂ ‘ಹಸಿರು ಗೂಡಿನ ಅಕ್ಕ’, ‘ಅರಿಶಿನ ಗೂಡಿನ ಅಜ್ಜಿ’. ಅಜ್ಜಿಯ ಗೂಡಿನಲ್ಲಿ ಬಾಚಣಿಗೆ, ಡಬ್ಬಿ ಎರಡೂ ಇದ್ದವು. ಟಿಕೆಟ್ ಮಾತ್ರ ಇನ್ನೂ ಸೆರಗಿನಲ್ಲೇ.

ಒಂದು ತಪ್ಪು ನನ್ನದೇ. ನಕ್ಷೆಯಲ್ಲಿ ಚೆನ್ನಾಗಿ ಕಂಡಿತೆಂದು ಗೂಡುಗಳನ್ನು ನಾಲ್ಕಡಿ ಎತ್ತರಕ್ಕೆ ಇರಿಸಿದ್ದೆ. ಮಲಗಿದಲ್ಲಿಂದ ಕೈಗೆ ಎಟುಕದು, ಕನ್ನಡಕ ಇಡಲು ಎದ್ದೇ ನಿಲ್ಲಬೇಕು. ಗಂಡಸರ ವಾರ್ಡಿನಲ್ಲಿ ಎರಡೂವರೆ ಅಡಿಗೆ ಇಳಿಸಿದೆವು.