ಓಕ್ ಮರದ ಹೂವು ಗುರುತಿಸಿ, ಕಾಯಿಯಿಂದ ಸಸಿ ಮಾಡುವುದು ಹೇಗೆ?

ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡಿಗರಿಗೆ ಓಕ್ ಮರ ಹೊಸದಲ್ಲ. ಚಳಿ ಶುರುವಾಗುವ ಹೊತ್ತಿಗೆ ಟೋಪಿ ಹಾಕಿಕೊಂಡಂಥ ಏಕಾರ್ನ್ ಕಾಯಿಗಳು ಅಂಗಳದ ತುಂಬ ಬಿದ್ದಿರುತ್ತವೆ. ಆದರೆ ಅದರ ಹೂವು ನೋಡಿದವರು ಕಡಿಮೆ.

ಮೊದಲು ಎಲೆ ನೋಡಿ. ಅಂಚಿನಲ್ಲಿ ಬೆರಳಿನ ಹಾಗೆ ಚಾಚಿದ ಭಾಗಗಳು ಗುಂಡಗಿದ್ದರೆ ಬಿಳಿ ಓಕ್. ಚೂಪಾಗಿದ್ದು, ತುದಿಯಲ್ಲಿ ಕೂದಲಿನಂಥ ಎಳೆ ಇದ್ದರೆ ಕೆಂಪು ಓಕ್. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಏಪ್ರಿಲ್–ಮೇನಲ್ಲಿ, ಎಲೆ ಚಿಗುರುವಾಗ ಹೂವು ಹುಡುಕಿ. ಹಳದಿ ಹಸಿರು ಕುಚ್ಚಿನ ಹಾಗೆ ಜೋತಾಡುವುದು ಗಂಡು ಹೂವು. ಹೆಣ್ಣು ಹೂವು ಹೊಸ ಎಲೆಯ ಕಂಕುಳಲ್ಲಿ, ಸಾಸಿವೆ ಕಾಳಿನಷ್ಟೇ ಇರುತ್ತದೆ. ಭೂತಗನ್ನಡಿ ಇದ್ದರೆ ಒಳ್ಳೆಯದು. ಜೇನು, ಚಿಟ್ಟೆಯ ಹಂಗಿಲ್ಲ, ಪರಾಗ ಹೊತ್ತು ತರುವುದು ಗಾಳಿ.

ಬಿಳಿ ಓಕ್ ಕಾಯಿ ಅದೇ ವರ್ಷ ಬಲಿತು ಉದುರುತ್ತದೆ. ಕೆಂಪು ಓಕ್‌ಗೆ ಅವಸರವಿಲ್ಲ. ಈ ವಸಂತದಲ್ಲಿ ಪರಾಗ ಬಿದ್ದರೂ ಫಲ ಕಟ್ಟುವುದು ಮುಂದಿನ ವರ್ಷವೇ. ಆಗಸ್ಟ್‌ನಲ್ಲಿ ಅದರ ಒಂದು ರೆಂಬೆಯನ್ನು ಬಗ್ಗಿಸಿ ನೋಡಿ. ತುದಿಯ ಹೊಸ ಚಿಗುರಿನಲ್ಲಿ ಮೆಣಸಿನ ಕಾಳಿನಂಥ ಪುಟ್ಟ ಕಾಯಿ, ಸ್ವಲ್ಪ ಹಿಂದೆ ಕಳೆದ ವರ್ಷದ ಕಡ್ಡಿಯಲ್ಲಿ ದಪ್ಪ ಹಸಿರು ಕಾಯಿ. ಎರಡು ವರ್ಷದ ಫಸಲು ಒಂದೇ ರೆಂಬೆಯಲ್ಲಿ! ನನಗಂತೂ ಓಕ್‌ನಲ್ಲಿ ಇದಕ್ಕಿಂತ ಚೆಂದದ ನೋಟ ಬೇರೆ ಇಲ್ಲ.

ಫಸಲು ಪ್ರತಿವರ್ಷ ಒಂದೇ ಥರ ಇರುವುದಿಲ್ಲ, ನಮ್ಮ ಮಾವಿನ ಹಾಗೇ ಅಲ್ವಾ? ಕೆಂಪು ಓಕ್ ಎರಡರಿಂದ ಐದು ವರ್ಷಕ್ಕೊಮ್ಮೆ ಸುರಿದುಬಿಡುತ್ತದೆ. ಅಳಿಲು, ಜಿಂಕೆಗಳು ಹೊಟ್ಟೆ ತುಂಬ ತಿಂದರೂ ಮಿಗುತ್ತದೆ. ಸಸಿಗೆ ಅಂಥ ವರ್ಷವೇ ಸರಿ.

ಆಗಷ್ಟೇ ಬಿದ್ದ ಕಾಯಿ ಆರಿಸಿ. ತೂತಿದ್ದರೆ ಬೇಡ, ಒಳಗೆ ಹುಳ ಬೆಳೆದಿರುತ್ತದೆ. ಉಳಿದವನ್ನು ನೀರಿಗೆ ಹಾಕಿ, ತೇಲಿದ್ದನ್ನು ಬಿಡಿ. ಬಿಳಿ ಓಕ್ ಕಾಯಿಯನ್ನು ಕೂಡಲೇ ನೆಡಿ. ಅದು ಚಳಿಗೆ ಮೊದಲೇ ಬೇರು ಬಿಡುತ್ತದೆ. ಹಾಗೆ ಬೇರು ಬಿಡದಿರಲಿ ಎಂದು ಅಳಿಲು ಅದರ ಮೊಳಕೆಯ ತುದಿಯನ್ನು ಕಚ್ಚಿ ತೆಗೆದು ಬಚ್ಚಿಡುವುದೂ ಉಂಟು. ಕೆಂಪು ಓಕ್‌ಗೆ ಚಳಿಗಾಲ ಕಳೆಯಲೇಬೇಕು. ಒದ್ದೆ ಮರದ ಹೊಟ್ಟಿನಲ್ಲಿಟ್ಟು ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡಿ. ಒಣಗಿದರೆ ಕಾಯಿ ಸತ್ತಂತೆ.

ತಾಯಿಬೇರು ಉದ್ದ, ಹಾಗಾಗಿ ಆಳದ ಕುಂಡ ಬೇಕು. ಕಾಯಿಯನ್ನು ಅಡ್ಡ ಮಲಗಿಸಿ, ಒಂದು ಇಂಚು ಮಣ್ಣು ಮುಚ್ಚಿ. ಮೇಲೊಂದು ತಂತಿ ಬಲೆ. ಹುಣಸೆ ಬೀಜ ಮಣ್ಣಿಂದ ಮೇಲೆದ್ದು ಬರುತ್ತದೆ, ಓಕ್ ಕಾಯಿ ಹಾಗಲ್ಲ, ಚಿಗುರು ಬಂದ ಮೇಲೂ ಮಣ್ಣೊಳಗೇ ಇದ್ದು ಸಸಿಗೆ ಊಟ ಕೊಡುತ್ತಿರುತ್ತದೆ. ನೋಡೋಣ ಅಂತ ಸುಮ್ನೆ ಕೆದಕಬೇಡಿ.