ಕಥಾಪಾತ್ರಗಳಿಗೆ ಹೌಸ್ ಹಂಚಿದ ನನ್ನ ಅನುಭವ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರದ ಸಂಜೆ ಮಕ್ಕಳ ಓದುಬಳಗವೊಂದನ್ನು ನಡೆಸುತ್ತೇನೆ. ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕಗಳನ್ನು ಮುಗಿಸಿದ್ದ ಕೆಲವು ಮಕ್ಕಳು, ಬೇರೆ ಕಥೆಗಳ ಪಾತ್ರಗಳು ಆ ಸರಣಿಯ ಮಾಂತ್ರಿಕ ಶಾಲೆ ಹಾಗ್‌ವಾರ್ಟ್ಸ್‌ಗೆ ಬಂದಿದ್ದರೆ ಯಾವ ಹೌಸ್‌ಗೆ ಸೇರುತ್ತಿದ್ದರು ಎಂಬ ಪ್ರಶ್ನೆಯನ್ನು ಎತ್ತಿದಾಗ ನಾನು ಈ ಕೆಲಸಕ್ಕೆ ಕೈಹಾಕಿದೆ. ನಮ್ಮ ಊರಿನ ಶಾಲೆಗಳಲ್ಲೂ ಕೆಂಪು, ನೀಲಿ, ಹಸಿರು, ಹಳದಿ ಹೌಸ್‌ಗಳಿವೆಯಾದರೂ ಅಲ್ಲಿ ಮಕ್ಕಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಿಬಿಡುತ್ತಾರೆ. ಸ್ವಭಾವ ನೋಡಿ ಹಂಚುವುದೆಂದರೆ ಏನೆಂಬುದು ಅವರಿಗೂ ನನಗೂ ಹೊಸ ವಿಷಯವಾಗಿತ್ತು.

ಮೊದಲ ಪಟ್ಟಿಯನ್ನು ಒಂದೇ ರಾತ್ರಿಯಲ್ಲಿ ಬರೆದೆ. ಹಾಗ್‌ವಾರ್ಟ್ಸ್‌ನ ನಾಲ್ಕು ಹೌಸ್‌ಗಳಲ್ಲಿ ಧೈರ್ಯವಂತರೆಲ್ಲ ಗ್ರಿಫಿಂಡೋರ್‌ಗೆ, ಬುದ್ಧಿವಂತರೆಲ್ಲ ರೇವನ್‌ಕ್ಲಾಗೆ, ಹಂಚಿಕೆ ಹಾಕುವವರು ಸ್ಲಿದರಿನ್‌ಗೆ ಹೋದರು; ಎಲ್ಲಿಯೂ ಸೇರದ ಒಳ್ಳೆಯವರು ಹಫಲ್‌ಪಫ್‌ನಲ್ಲಿ ಉಳಿದರು. ಮರುದಿನ ಓದಿದಾಗ ಪಟ್ಟಿ ಸಪ್ಪೆಯೆನಿಸಿತು, ಅಷ್ಟೇ ಅಲ್ಲ, ಮೂಲ ಕಥೆಯೇ ಅದನ್ನು ಒಪ್ಪುವುದಿಲ್ಲವೆಂಬುದು ಹೊಳೆಯಿತು. ತರಗತಿಯಲ್ಲೇ ಎಲ್ಲರಿಗಿಂತ ಚುರುಕಾದ ಹರ್ಮೈನಿಯನ್ನು, ತಲೆಗಿಟ್ಟ ಮಕ್ಕಳ ಹೌಸ್ ನಿರ್ಧರಿಸುವ ಮಾಂತ್ರಿಕ ಟೋಪಿ ರೇವನ್‌ಕ್ಲಾಗೆ ಹಾಕಲು ಯೋಚಿಸಿಯೂ ಗ್ರಿಫಿಂಡೋರ್‌ಗೆ ಕಳುಹಿಸುತ್ತದೆ. ಗೆಳೆಯರಿಗೆ ದ್ರೋಹ ಬಗೆದ ಪೀಟರ್ ಪೆಟಿಗ್ರೂ ಗ್ರಿಫಿಂಡೋರ್‌ನವನು. ವರ್ಷಗಟ್ಟಲೆ ಪ್ರಾಣವನ್ನು ಪಣಕ್ಕಿಟ್ಟು ಗುಟ್ಟು ಕಾಯ್ದ ಸ್ನೇಪ್ ಸ್ಲಿದರಿನ್‌ನವನು.

ದಾರಿ ಸಿಕ್ಕಿದ್ದು 1997ರ ಮೊದಲ ಪುಸ್ತಕದ ವಿಂಗಡಣೆಯ ಸನ್ನಿವೇಶವನ್ನು ಮತ್ತೆ ಓದಿದಾಗ. ಹನ್ನೊಂದು ವರ್ಷದ ಹ್ಯಾರಿ ಕಣ್ಣಿನ ಮೇಲಿಳಿದ ಟೋಪಿಯ ಕತ್ತಲಲ್ಲಿ ಕುಳಿತು, ಸ್ಲಿದರಿನ್ ಮಾತ್ರ ಬೇಡವೆಂದು ಬೇಡಿಕೊಳ್ಳುತ್ತಾನೆ, ಮತ್ತು ಟೋಪಿ ಆ ಬೇಡಿಕೆಗೆ ಬೆಲೆ ಕೊಡುತ್ತದೆ. ಎರಡನೆಯ ಪುಸ್ತಕದ ಕೊನೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಹ್ಯಾರಿಗೆ ವಿವರಿಸುವುದೂ ಇದನ್ನೇ: ಸಾಮರ್ಥ್ಯಕ್ಕಿಂತ ಆಯ್ಕೆ ಮುಖ್ಯ. ಅಲ್ಲಿಂದ ನಾನು ಒಂದು ನಿಯಮ ಮಾಡಿಕೊಂಡೆ. ಪಾತ್ರಕ್ಕೆ ಏನು ಬರುತ್ತದೆ ಎಂಬುದನ್ನು ಬದಿಗಿಟ್ಟು, ಬೆಲೆಬಾಳುವ ಎರಡು ವಸ್ತುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದಾದ ಗಳಿಗೆಯಲ್ಲಿ ಅದು ಯಾವುದನ್ನು ಹಿಡಿಯಿತು ಎಂದು ಹುಡುಕಬೇಕು. ಆ ಗಳಿಗೆ ಇರುವ ಪುಟವನ್ನು ತೆರೆದು ತೋರಿಸದವರ ಮಾತನ್ನು ಪಟ್ಟಿಗೆ ಸೇರಿಸುವಂತಿಲ್ಲ.

ಅತಿ ಹೆಚ್ಚು ಹೊತ್ತು ಹಿಡಿದವನು ಪತ್ತೇದಾರ ಷರ್ಲಾಕ್ ಹೋಮ್ಸ್. ಎಲ್ಲರೂ ಒಂದೇ ಉಸಿರಿನಲ್ಲಿ ರೇವನ್‌ಕ್ಲಾ ಎಂದರು. ಆದರೆ 1887ರ ಮೊದಲ ಕಾದಂಬರಿಯನ್ನು ಓದಿಬಂದಿದ್ದ ಹುಡುಗಿಯೊಬ್ಬಳು, "ಮೇಡಂ, ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಅದನ್ನು ಮರೆತುಬಿಡ್ತೀನಿ ಅಂತಾನೆ, ಅವನು ಹೇಗೆ ರೇವನ್‌ಕ್ಲಾ?" ಎಂದು ಕೇಳಿದಳು. ಪ್ರಶ್ನೆ ಸರಿಯಾಗಿತ್ತು. ತಲೆಯೆಂಬುದು ಅಟ್ಟದಂತೆ, ಕೆಲಸಕ್ಕೆ ಬಾರದ ಸಾಮಾನನ್ನು ಅಲ್ಲಿ ತುಂಬಬಾರದು ಎನ್ನುವವನನ್ನು ವಿದ್ಯೆಗಾಗಿಯೇ ವಿದ್ಯೆಯನ್ನು ಪ್ರೀತಿಸುವವರ ನಡುವೆ ಕೂರಿಸುವುದು ಹೇಗೆ? ಉಪಯೋಗಕ್ಕೆ ಬರುವುದನ್ನಷ್ಟೇ ಸಂಗ್ರಹಿಸುವ, ವೇಷ ಹಾಕಿ ಮೋಸದಿಂದ ಸತ್ಯ ಹೊರಡಿಸುವ ಅವನನ್ನು ನಾವು ಎರಡು ವಾರ ಸ್ಲಿದರಿನ್‌ನಲ್ಲಿ ಇಟ್ಟಿದ್ದೆವು.

ಅಲ್ಲಿಂದ ಅವನನ್ನು ಹೊರತಂದದ್ದು 1891ರಲ್ಲಿ ಪ್ರಕಟವಾದ, ಐರೀನ್ ಆಡ್ಲರ್ ಬರುವ ಕಥೆ. ಬೊಹೀಮಿಯಾದ ದೊರೆಗಾಗಿ ಹೋಮ್ಸ್ ಹೂಡಿದ ಹೂಟವನ್ನು ಆಕೆ ಅರಿತು ತಪ್ಪಿಸಿಕೊಂಡು ಹೋದ ಮೇಲೆ, ಆ ದೊರೆ ತನ್ನ ಬೆರಳಿನಿಂದ ಪಚ್ಚೆಯ ಹಾವಿನುಂಗುರವನ್ನು ತೆಗೆದು, ಅಂಗೈಯಲ್ಲಿಟ್ಟು ಹೋಮ್ಸ್‌ನ ಮುಂದೆ ಚಾಚುತ್ತಾನೆ. ಸ್ಲಿದರಿನ್‌ನ ಲಾಂಛನ ಹಾವು, ಬಣ್ಣ ಹಸಿರು ಎಂಬುದು ನೆನಪಾಗಿ ಮಕ್ಕಳು ಕೂಗಿಕೊಂಡರು. ಹೋಮ್ಸ್ ಉಂಗುರವನ್ನು ಮುಟ್ಟುವುದಿಲ್ಲ. ಅದಕ್ಕಿಂತ ಬೆಲೆಬಾಳುವ ವಸ್ತು ದೊರೆಯ ಬಳಿ ಇದೆಯೆಂದು ಹೇಳಿ, ತನ್ನನ್ನು ಸೋಲಿಸಿದ ಆ ಹೆಂಗಸಿನ ಭಾವಚಿತ್ರವನ್ನು ಕೇಳಿ ಪಡೆಯುತ್ತಾನೆ. ತನಗಿಂತ ಮೇಲಾದ ಬುದ್ಧಿಯೊಂದನ್ನು ಕಂಡ ಗುರುತು ಅವನಿಗೆ ದೊರೆಯ ಕೃಪೆಗಿಂತ ದೊಡ್ಡದು. ಎಷ್ಟೋ ಪ್ರಕರಣಗಳಲ್ಲಿ ಕೀರ್ತಿಯನ್ನು ಪೊಲೀಸರಿಗೆ ಬಿಟ್ಟುಕೊಡುವವನೂ ಅವನೇ. ಅವನು ರೇವನ್‌ಕ್ಲಾಗೆ ಮರಳಿದ, ಆದರೆ ಈ ಬಾರಿ ನಮ್ಮ ಬಳಿ ಕಾರಣವಿತ್ತು.

ಟೋಲ್ಕಿನ್‌ರ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಸ್ಯಾಮ್ ಗ್ಯಾಮ್ಜೀಯ ವಿಷಯದಲ್ಲಿ ಜಗಳವಾಯಿತು. ಈಜು ಬಾರದಿದ್ದರೂ ತನ್ನ ಒಡೆಯ ಫ್ರೋಡೋನ ದೋಣಿಯ ಹಿಂದೆ ನದಿಗೆ ಧುಮುಕುವವನು ಗ್ರಿಫಿಂಡೋರ್‌ನವನಲ್ಲದೆ ಇನ್ನೇನು ಎಂದು ಹುಡುಗರು ವಾದಿಸಿದರು. ನಾನು ಶತ್ರುವಿನ ನಾಡಾದ ಮೋರ್ಡೋರ್‌ನ ಗಡಿಯಲ್ಲಿ, ಹೊತ್ತವರಿಗೆ ಅಧಿಕಾರದ ಆಸೆ ಹುಟ್ಟಿಸುವ ಮಾಂತ್ರಿಕ ಉಂಗುರ ಅವನ ಬಳಿಯೇ ಇರುವ ಪುಟವನ್ನು ತೆರೆದೆ. ಸೈನ್ಯಗಳನ್ನು ನಡೆಸಿ, ಆ ಬೆಂದ ನೆಲವನ್ನೇ ಹೂತೋಟವಾಗಿಸುವ ವೀರನ ಕನಸನ್ನು ಉಂಗುರ ಅವನಿಗೆ ತೋರಿಸುತ್ತದೆ. ತನ್ನ ಕೈಯಾರೆ ಮಾಡಬಹುದಾದ ಪುಟ್ಟ ತೋಟವೊಂದು ಸಾಕೆಂದು ಅವನು ಅದನ್ನು ತಳ್ಳಿಹಾಕುತ್ತಾನೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದು ನಿಲ್ಲಿಸಿದ್ದು ಒಡೆಯನ ಮೇಲಿನ ಪ್ರೀತಿಯೆಂದು ಲೇಖಕರೇ ಹೇಳುತ್ತಾರೆ. ಅವನ ಧೈರ್ಯ ನಿಷ್ಠೆಯ ಬೇರಿನಿಂದ ಚಿಗುರಿದ್ದು, ಹಾಗಾಗಿ ನಿಷ್ಠೆಗೆ ಹೆಸರಾದ ಹಫಲ್‌ಪಫ್. ಅಂದಿನಿಂದ ಆ ಹೌಸ್ ಉಳಿದವರನ್ನು ತುಂಬುವ ಚೀಲವಾಗಿ ಯಾರಿಗೂ ಕಾಣಲಿಲ್ಲ.

ಸ್ಲಿದರಿನ್‌ಗೆ ಖಳರಲ್ಲದವರನ್ನು ಹುಡುಕುವುದು ನನಗೆ ಬಹಳ ಮುಖ್ಯವಾಗಿತ್ತು. ಜೇನ್ ಆಸ್ಟೆನ್‌ರ 1813ರ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಷಾರ್ಲೆಟ್ ಲೂಕಸ್ ಅಲ್ಲಿ ಸಿಕ್ಕಳು. ಇಪ್ಪತ್ತೇಳು ವರ್ಷದ, ಆಸ್ತಿಯಿಲ್ಲದ ಆಕೆ, ಹೆಂಡತಿಯನ್ನು ಹುಡುಕುತ್ತಿರುವ ಪಾದ್ರಿ ಕಾಲಿನ್ಸ್ ಬರುವುದನ್ನು ಮಹಡಿಯ ಕಿಟಕಿಯಿಂದ ಕಂಡು, ಆಕಸ್ಮಿಕವಾಗಿ ಎದುರಾದಂತೆ ಓಣಿಗೆ ಹೊರಡುತ್ತಾಳೆ. ಮದುವೆಯ ನಂತರ, ಗಂಡ ಪದೇಪದೇ ಬರಬಾರದೆಂದು ಮನೆಯ ಹಿಂಬದಿಯ ಕೋಣೆಯನ್ನೇ ತನ್ನದಾಗಿಸಿಕೊಳ್ಳುತ್ತಾಳೆ. ಯಾರಿಗೂ ಕೇಡು ಬಗೆಯದೆ, ಇರುವ ಇಕ್ಕಟ್ಟಿನಲ್ಲೇ ತನಗೊಂದು ನೆಲೆ ಕಟ್ಟಿಕೊಳ್ಳುವ ಈ ಜಾಣತನಕ್ಕೆ ನನಗೆ ಗೌರವವಿದೆ. ಅದೇ ಕಾದಂಬರಿಯ ನಾಯಕಿ ಎಲಿಜಬೆತ್ ಗ್ರಿಫಿಂಡೋರ್‌ನವಳು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತೇಜಸ್ವಿಯವರ 'ಕರ್ವಾಲೊ'ದ ಮಂದಣ್ಣನನ್ನು ರೇವನ್‌ಕ್ಲಾಗೆ ಸೇರಿಸಬೇಕೆಂದು ಒಬ್ಬ ಹುಡುಗ ಹೇಳಿದಾಗ ಕೆಲವರು ನಕ್ಕರು; ಊರವರ ಕಣ್ಣಿಗೆ ಬೆಪ್ಪನಾದವನಲ್ಲಿ ವಿಜ್ಞಾನಿ ಕರ್ವಾಲೊ ಕಂಡದ್ದು ಹುಟ್ಟು ನಿಸರ್ಗವಿಜ್ಞಾನಿಯನ್ನೇ ಎಂದು ಅವನು ಪುಟ ತೋರಿಸಿದ ಮೇಲೆ ಸುಮ್ಮನಾದರು.

ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅಫ್ಘಾನಿಸ್ತಾನದಲ್ಲಿ ನಡೆದ 1880ರ ಮೈವಾಂಡ್ ಕದನದಲ್ಲಿ ಗಾಯಗೊಂಡ ಸೇನಾವೈದ್ಯನೆಂದು ಅರ್ಧದಷ್ಟು ಮಕ್ಕಳು ಗ್ರಿಫಿಂಡೋರ್ ಎನ್ನುತ್ತಾರೆ. ಅನುಕೂಲವಿದ್ದರೆ ತಕ್ಷಣ ಬಾ, ಇಲ್ಲದಿದ್ದರೂ ಬಾ ಎಂಬ ಹೋಮ್ಸ್‌ನ ಚೀಟಿಗೆ ಓಗೊಟ್ಟು ಹೊರಡುವವನು ಹಫಲ್‌ಪಫ್ ಎಂಬುದು ನನ್ನ ವಾದ. ಪಟ್ಟಿಯಲ್ಲಿ ಅವನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ಶನಿವಾರ ಇಬ್ಬರು ಮಕ್ಕಳು ಹೊಸ ಪುಟಗಳನ್ನು ಹುಡುಕಿ ತರುತ್ತೇವೆಂದು ಹೇಳಿಹೋಗಿದ್ದಾರೆ.